ಕಾಯಿಲ್ ಕೊಳ್ಳುವ ಮುನ್ನ ಟ್ಯಾಪೆಟ್ ಕವರ್ ತೆರೆಯಿರಿ

ಚಿಕ್ಕಮಗಳೂರಿನ ಸುತ್ತ ಮಾರ್ಪಡಿಸಿದ ಎಂಜಿನ್‌ಗಳಿಗೆ ಕೊರತೆಯಿಲ್ಲ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ಇಲ್ಲಿನ ಕಾಫಿ ತೋಟದ ರಸ್ತೆಗಳಲ್ಲೇ ನಡೆದಿವೆ. ಬೇಲಿಯಾಚೆ ನಿಂತು ಅವನ್ನು ನೋಡುತ್ತ ಬೆಳೆದ ಹುಡುಗರು ಈಗ ತಮ್ಮ ಜಿಪ್ಸಿಗೋ ಎಸ್ಟೀಮಿಗೋ ಬೇರೆ ಕ್ಯಾಮ್ (ವಾಲ್ವುಗಳನ್ನು ಒತ್ತಿ ತೆರೆಯುವ ಉಬ್ಬುಗಳ ದಂಡ) ಹಾಕಿಸಿ ಆಟೊಕ್ರಾಸ್‌ಗೆ ಇಳಿಯುತ್ತಾರೆ. ಅವರಲ್ಲಿ ಕೆಲವರು ನನ್ನ ಗ್ಯಾರೇಜಿಗೆ ಬಂದು ಹೇಳುವ ದೂರು ಹೆಚ್ಚುಕಡಿಮೆ ಒಂದೇ: "ಐದು ಸಾವಿರ ಆರ್‌ಪಿಎಂವರೆಗೆ ಚೆನ್ನಾಗಿ ಎಳೆಯುತ್ತದೆ ಅಣ್ಣ, ಆಮೇಲೆ ಮಿಸ್ಸಿಂಗ್. ಪ್ಲಗ್ ಬದಲಿಸಿದೆ, ಇಗ್ನಿಷನ್ ಕಾಯಿಲ್ ಬದಲಿಸಿದೆ, ಪೆಟ್ರೋಲ್ ಪಂಪ್ ಕೂಡ ಹೊಸದು." ಅಷ್ಟೆಲ್ಲ ದುಡ್ಡು ಸುರಿದ ಮೇಲೂ ಎಂಜಿನ್ನಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್ ಮಾತ್ರ ತೆರೆದಿರುವುದಿಲ್ಲ. ಅದರ ಕೆಳಗೆ ವಾಲ್ವ್ ಸ್ಪ್ರಿಂಗ್ ಮುರಿದಿರಬಹುದು. ಕೆಲವು ಬೋಲ್ಟ್ ಬಿಚ್ಚುವ ಕೆಲಸ, ಹೆಚ್ಚೆಂದರೆ ಒಂದು ಗ್ಯಾಸ್ಕೆಟ್ಟಿನ ಖರ್ಚು.

ಸಿಲಿಂಡರಿಗೆ ಗಾಳಿ ಬರುವ, ಹೊಗೆ ಹೋಗುವ ಬಾಗಿಲು ವಾಲ್ವ್; ಅದನ್ನು ಮುಚ್ಚಿಡುವುದು ಸ್ಪ್ರಿಂಗ್. ಈ ವಾಲ್ವ್ ಸ್ಪ್ರಿಂಗ್ ಮುರಿದರೆ ಎಂಜಿನ್ ನಿಂತೇಹೋಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಹಾಗೇನೂ ಆಗಬೇಕಿಲ್ಲ. ಸ್ಪ್ರಿಂಗ್ ಎರಡು ತುಂಡಾದಾಗ ಮೇಲಿನ ತುಂಡು ಕೆಳಗಿನದರ ಸುರುಳಿಯೊಳಗೆ ತಿರುಗಿಕೊಂಡು ಇಳಿಯುತ್ತದೆ. ಉದ್ದ ಸ್ವಲ್ಪ ತಗ್ಗುತ್ತದೆ, ಒತ್ತಡ ತಗ್ಗುತ್ತದೆ, ಆದರೆ ವಾಲ್ವ್ ಮುಚ್ಚುತ್ತಲೇ ಇರುತ್ತದೆ. ಐಡ್ಲಿಂಗ್‌ನಲ್ಲಿ ಗೊತ್ತೇ ಆಗದೆ ಹೋಗಬಹುದು. ಏಳು ಸಾವಿರ ಆರ್‌ಪಿಎಂನಲ್ಲಿ ಕ್ಯಾಮ್ ಮೂರೂವರೆ ಸಾವಿರ ಸುತ್ತು ಹಾಕುತ್ತದೆ. ಅಂದರೆ ಒಂದೊಂದು ವಾಲ್ವೂ ಸೆಕೆಂಡಿಗೆ ಸುಮಾರು 58 ಸಲ ತೆರೆದು ಮುಚ್ಚಬೇಕು. ಆ ವೇಗದಲ್ಲಿ ಸೋತ ಸ್ಪ್ರಿಂಗಿಗೆ ಕ್ಯಾಮಿನ ಹಿಂದೆ ಓಡಲು ಆಗುವುದಿಲ್ಲ.

ಸಿಲಿಂಡರಿನೊಳಗಿನ ಒತ್ತಡವನ್ನು ಗೇಜಿನಿಂದ ಅಳೆಯುವ ಕಂಪ್ರೆಷನ್ ಪರೀಕ್ಷೆ ದಾರಿ ತಪ್ಪಿಸುವುದೂ ಇದೇ ಕಾರಣಕ್ಕೆ. ಸ್ಟಾರ್ಟರ್ ಮೋಟಾರ್ ಎಂಜಿನನ್ನು ತಿರುಗಿಸುವುದು ನಿಮಿಷಕ್ಕೆ ಒಂದೆರಡು ನೂರು ಸುತ್ತು ಮಾತ್ರ. ಆ ನಿಧಾನಕ್ಕೆ ಮುರಿದ ಸ್ಪ್ರಿಂಗ್ ಕೂಡ ವಾಲ್ವನ್ನು ಹೊತ್ತಿಗೆ ಸರಿಯಾಗಿ ಕೂರಿಸಿಬಿಡುತ್ತದೆ, ಗೇಜು ನಾಲ್ಕೂ ಸಿಲಿಂಡರ್ ಸರಿ ಎನ್ನುತ್ತದೆ. ನಮ್ಮ ಊರಿನಲ್ಲಿ ಇನ್ನೊಂದು ತೊಡಕಿದೆ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿದೆ, ಗಾಳಿ ತೆಳು. ಪುಸ್ತಕದಲ್ಲಿ ಬರೆದ ಕಂಪ್ರೆಷನ್ ಅಂಕಿಗಿಂತ ಇಲ್ಲಿ ಹತ್ತು ಶೇಕಡಾದಷ್ಟು ಕಡಿಮೆ ಬರುವುದು ಸಹಜ. ಎಂಜಿನ್ ಗಾಳಿ ಎಳೆಯುವ ಬಲವನ್ನು ತೋರಿಸುವ ವ್ಯಾಕ್ಯೂಮ್ ಗೇಜು ಪಾದರಸದ ಮೂರು ಇಂಚಿಗೂ ಹೆಚ್ಚು ಕೆಳಗೆ ನಿಲ್ಲುತ್ತದೆ. ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಇದ್ದರಂತೂ ಎರಡೂ ಮತ್ತಷ್ಟು ಇಳಿಯುತ್ತವೆ. ಆದ್ದರಿಂದ ಪುಸ್ತಕದ ಅಂಕಿಗೆ ಹೋಲಿಸಿ ತೀರ್ಪು ಕೊಡಬಾರದು. ನಾಲ್ಕು ಸಿಲಿಂಡರ್‌ಗಳನ್ನು ಒಂದರೊಡನೊಂದು ಹೋಲಿಸಬೇಕು. ವ್ಯಾಕ್ಯೂಮ್ ಗೇಜನ್ನು ನಾನು ಐಡ್ಲಿಂಗ್‌ನಲ್ಲಿ ನಂಬುವುದಿಲ್ಲ. ಆಕ್ಸಲರೇಟರ್ ನಿಧಾನವಾಗಿ ಏರಿಸುತ್ತ ಮುಳ್ಳನ್ನು ನೋಡುತ್ತೇನೆ. ವೇಗ ಏರಿದಷ್ಟೂ ಮುಳ್ಳಿನ ಓಲಾಟ ಹೆಚ್ಚಾದರೆ ನನ್ನ ಅನುಮಾನ ಸ್ಪ್ರಿಂಗಿನ ಕಡೆಗೇ ತಿರುಗುತ್ತದೆ.

ಕಿವಿಯೂ ಬೇಕು. ಇನ್‌ಟೇಕ್ ಕಡೆಯ ಸ್ಪ್ರಿಂಗ್ ಹೋಗಿದ್ದರೆ ಏರ್ ಫಿಲ್ಟರಿನ ಕಡೆಯಿಂದ ಪಟಪಟ ಸದ್ದು ಹಿಂದಕ್ಕೆ ಬರುತ್ತದೆ. ಎಕ್ಸಾಸ್ಟ್ ಕಡೆಯದಾದರೆ ಸೈಲೆನ್ಸರಿನಲ್ಲಿ ಸಿಡಿತ. ಇದಲ್ಲದೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಿಂದ ಟ್ಯಾಪೆಟ್ ಸಡಿಲವಾದಂಥ ಟಕಟಕ ಶಬ್ದ ಬಂದು, ಫೀಲರ್ ಗೇಜ್ ಹಾಕಿ ಸಂದು ಸರಿಮಾಡಿದರೂ ಅದು ಹೋಗದಿದ್ದರೆ, ಆ ಸಿಲಿಂಡರನ್ನು ಗುರುತು ಹಾಕಿಕೊಳ್ಳಿ.

ಈಚೆಗೆ ಆಲ್ದೂರಿನ ಕಡೆಯಿಂದ ಬಂದ ಹದಿನಾರು ವಾಲ್ವ್‌ನ ಜಿಪ್ಸಿ ಇದಕ್ಕೆ ಒಳ್ಳೆಯ ಉದಾಹರಣೆ. ಕಂಪ್ರೆಷನ್ ಸಮವಾಗಿತ್ತು. ಕವರ್ ತೆಗೆದಾಗ ಮೇಲ್ನೋಟಕ್ಕೆ ಎಲ್ಲ ಸ್ಪ್ರಿಂಗೂ ಸರಿಯಾಗಿಯೇ ಕಂಡವು. ಹೆಚ್ಚಿನವರು ಇಲ್ಲಿಯೇ ಕವರ್ ಮುಚ್ಚಿಬಿಡುತ್ತಾರೆ. ಸ್ಪ್ರಿಂಗ್ ಸಾಮಾನ್ಯವಾಗಿ ಮುರಿಯುವುದು ತುದಿಯ ಒಂದೆರಡು ಸುರುಳಿಗಳಲ್ಲಿ. ಕೆಳಗಿನ ತುದಿಯಾದರೆ ಆಯಿಲ್ ತುಂಬಿಕೊಂಡು ಮರೆಯಾಗಿರುತ್ತದೆ. ಆಯಿಲ್ ಒರೆಸಿ, ಟಾರ್ಚ್ ಮತ್ತು ಪುಟ್ಟ ಕನ್ನಡಿ ಹಿಡಿದು, ಎಂಜಿನನ್ನು ಕೈಯಿಂದ ತಿರುಗಿಸುತ್ತ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ಒಂದೊಂದನ್ನೂ ನೋಡಬೇಕು. ಸುರುಳಿಗಳ ನಡುವಿನ ಅಂತರ ಎಲ್ಲೋ ಒಂದು ಕಡೆ ಹೊಂದುವುದಿಲ್ಲ. ಸುತ್ತಿಗೆಯ ಮರದ ಹಿಡಿಯಿಂದ, ಸ್ಪ್ರಿಂಗಿನ ತಲೆಯ ಮೇಲೆ ಕೂರುವ ಬಿಲ್ಲೆಗಳಾದ ರಿಟೈನರ್‌ಗಳನ್ನು ಒಂದೊಂದಾಗಿ ಒತ್ತಿದರೆ ಸೋತದ್ದು ಕೈಗೇ ಗೊತ್ತಾಗುತ್ತದೆ. ಮೂರನೆಯ ಸಿಲಿಂಡರಿನ ಒಂದು ಇನ್‌ಟೇಕ್ ಸ್ಪ್ರಿಂಗ್ ಹಾಗೆ ಸಿಕ್ಕಿತು. ಒಳಗೊಂದು ಹೊರಗೊಂದು ಜೋಡಿ ಸ್ಪ್ರಿಂಗ್ ಹಾಕಿದ ಹೆಡ್ಡಾಗಿದ್ದರೆ ಒಳಗಿನದು ಮುರಿದದ್ದು ಕಣ್ಣಿಗೆ ಬೀಳುವುದೇ ಇಲ್ಲ, ಬಿಚ್ಚಲೇಬೇಕು.

ನನ್ನ ಮಟ್ಟಿಗೆ ನಿಜವಾದ ಕೆಲಸ ಆರಂಭವಾಗುವುದು ಇಲ್ಲಿಂದ. "ಒಂದು ಸ್ಪ್ರಿಂಗ್ ಹಾಕಿ ಕೊಡಿ ಅಣ್ಣ, ಭಾನುವಾರ ಓಡಿಸಬೇಕು" ಎಂದರು ಮಾಲೀಕರು. ನಾನು ಒಪ್ಪಲಿಲ್ಲ. ಆ ಸ್ಪ್ರಿಂಗ್ ಏಕೆ ಮುರಿಯಿತು ಎಂದು ತಿಳಿಯದೆ ಹೊಸದನ್ನು ಹಾಕಿದರೆ ಮುಂದಿನ ಸಲ ವಾಲ್ವೇ ಪಿಸ್ಟನ್ ಮೇಲೆ ಬೀಳಬಹುದು. ಮುರಿದ ಮುಖದಲ್ಲಿ ತುಕ್ಕಿನ ಸಣ್ಣ ಗುಂಡಿ ಕಂಡರೆ ಗಾಡಿ ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತದ್ದು ಕಾರಣವಿರಬಹುದು. ಪುನರ್ವಸು, ಪುಷ್ಯ ಮಳೆಯ ತೇವ ಎಂಜಿನ್ನಿನೊಳಗೂ ಕೂರುತ್ತದೆ. ಇದರಲ್ಲಿ ತುಕ್ಕು ಇರಲಿಲ್ಲ. ಬದಲಿಗೆ ಮುರಿಯದ ಸ್ಪ್ರಿಂಗ್‌ಗಳಲ್ಲೂ ಸುರುಳಿ ಸುರುಳಿಗೆ ತಾಗಿ ಉಜ್ಜಿದ ಹೊಳೆಯುವ ಗೆರೆಗಳಿದ್ದವು. ಹೊಸ ಕ್ಯಾಮ್ ಹಾಕಿದವರು ಕಂಪನಿಯ ಸ್ಪ್ರಿಂಗನ್ನೇ ಉಳಿಸಿದ್ದರು.

ಲೆಕ್ಕ ಕಷ್ಟದ್ದಲ್ಲ. ಹೆಡ್ಡಿನಲ್ಲಿ ಕೂತಾಗ ಸ್ಪ್ರಿಂಗಿನ ಎತ್ತರ 36 ಮಿ.ಮೀ., ಸುರುಳಿಗಳೆಲ್ಲ ಒಂದಕ್ಕೊಂದು ಅಂಟುವಷ್ಟು ಒತ್ತಿದಾಗ 26 ಮಿ.ಮೀ. ಎಂದುಕೊಳ್ಳಿ. ಕ್ಯಾಮ್ ವಾಲ್ವನ್ನು 8.5 ಮಿ.ಮೀ. ಎತ್ತಿದರೆ ಒಂದೂವರೆ ಮಿ.ಮೀ. ಉಳಿಯುತ್ತದೆ. ಹತ್ತು ಮಿ.ಮೀ. ಎತ್ತಿದರೆ ಏನೂ ಉಳಿಯುವುದಿಲ್ಲ, ಪ್ರತಿ ಸಲವೂ ಸುರುಳಿಗಳು ಕಲ್ಲಿನಂತೆ ಬಡಿದುಕೊಳ್ಳುತ್ತವೆ. ಕನಿಷ್ಠ ಒಂದು ಮಿ.ಮೀ. ಉಳಿಯದ ಜೋಡಣೆಯನ್ನು ನಾನು ಹೊರಗೆ ಕಳುಹಿಸುವುದಿಲ್ಲ. ಇದಕ್ಕೆ ಬೇಕಾದದ್ದು ವೈಸ್ ಮತ್ತು ವರ್ನಿಯರ್ ಮಾತ್ರ. ಎಂಜಿನ್ನಿನ ಗರಿಷ್ಠ ವೇಗದ ಮಿತಿ (ರೆವ್ ಲಿಮಿಟ್) ಏರಿಸುವವರು ಇನ್ನೊಂದನ್ನೂ ತಿಳಿದಿರಬೇಕು: ಆರು ಸಾವಿರದಿಂದ 7,200ಕ್ಕೆ ಹೋದರೆ ವೇಗ ಏರುವುದು ಇಪ್ಪತ್ತು ಶೇಕಡಾ, ಆದರೆ ವಾಲ್ವನ್ನು ಹಿಡಿದಿಡಲು ಬೇಕಾದ ಬಲ ಏರುವುದು 44 ಶೇಕಡಾ. ಹಾಗೆಂದು ಸಿಕ್ಕಿದ ಗಟ್ಟಿ ಸ್ಪ್ರಿಂಗ್ ತುರುಕಿದರೆ ಕ್ಯಾಮ್ ಮತ್ತು ಅದರಿಂದ ವಾಲ್ವನ್ನು ಒತ್ತುವ ರಾಕರ್ ಸವೆಯುತ್ತವೆ. ಕ್ಯಾಮ್ ಕೊಟ್ಟವರು ಹೇಳಿದ ಒತ್ತಡಕ್ಕೆ ಹೊಂದುವ ಸ್ಪ್ರಿಂಗ್ ತರಿಸಿ, ಹದಿನಾರನ್ನೂ ಬದಲಿಸಬೇಕು.

ಹೆಡ್ ಇಳಿಸದೆಯೇ ಈ ಕೆಲಸ ಮಾಡಬಹುದು. ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ ಇನ್ನೂ ಕೆಳಗಿರುವಾಗ ಪ್ಲಗ್ ರಂಧ್ರದಿಂದ ನೈಲಾನ್ ಹಗ್ಗ ತುಂಬಿ, ತುದಿ ಹೊರಗಿಟ್ಟು, ಕ್ರ್ಯಾಂಕನ್ನು ಕೈಯಿಂದ ತಿರುಗಿಸಿದರೆ ಹಗ್ಗ ವಾಲ್ವುಗಳನ್ನು ಕೆಳಗಿಂದ ಒತ್ತಿ ಹಿಡಿಯುತ್ತದೆ. ಆಯಿಲ್ ಇಳಿಯುವ ರಂಧ್ರಗಳಿಗೆ ಮೊದಲೇ ಬಟ್ಟೆ ತುರುಕಿ. ರಿಟೈನರನ್ನು ವಾಲ್ವಿಗೆ ಹಿಡಿದಿಡುವ ಪುಟ್ಟ ವಾಲ್ವ್ ಲಾಕ್ ಅಲ್ಲಿಂದ ಜಾರಿದರೆ ಎಂಜಿನ್ನಿನ ತಳದ ಆಯಿಲ್ ಚೇಂಬರ್ ಬಿಚ್ಚಬೇಕಾಗುತ್ತದೆ. ವಾಲ್ವ್ ಸೀಲ್‌ಗಳನ್ನೂ ಅದೇ ಕೈಯಲ್ಲಿ ಬದಲಿಸಿ. ಜೋಡಿಸಿದ ಮೇಲೆ ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ನೋಡಿ; ವಾಲ್ವ್ ಬಾಗಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಆ ಜಿಪ್ಸಿ ಭಾನುವಾರ ಓಡಲಿಲ್ಲ, ಸ್ಪ್ರಿಂಗ್ ಬರುವವರೆಗೆ ಗ್ಯಾರೇಜಿನಲ್ಲೇ ನಿಂತಿತು. ಮಾಲೀಕರಿಗೆ ಬೇಸರವಾಯಿತು. ಹಳೆಯ ಸ್ಪ್ರಿಂಗ್‌ಗಳನ್ನು ಸಿಲಿಂಡರ್ ಸಂಖ್ಯೆ ಬರೆದ ಪೊಟ್ಟಣಗಳಲ್ಲಿ ಕೊಟ್ಟು, ಉಜ್ಜಿದ ಗೆರೆಗಳನ್ನು ಬೆರಳಿಟ್ಟು ತೋರಿಸಿದೆ. ಈಗ ಅವರು ಪ್ರತಿ ಆಟೊಕ್ರಾಸ್ ಮುಗಿದ ಮೇಲೆ ಗಾಡಿ ತಂದು ಕವರ್ ತೆರೆಸಿ ನೋಡಿಕೊಂಡು ಹೋಗುತ್ತಾರೆ.