ಮೊದಲ ತೊಟ್ಟಿಯ ನೀರಿಗೆ ಪೈಪು ಬೇರೆ ಇರಲಿ

ಅರಸೀಕೆರೆ, ಕಡೂರು ಕಡೆಯ ಕುರಿ ಉಣ್ಣೆ ಒರಟು. ಮೆರಿನೊ ತಳಿಯ ನಯ ಉಣ್ಣೆಯಷ್ಟು ಜಿಡ್ಡಿಲ್ಲ, ಮಣ್ಣು, ಹಿಕ್ಕೆ, ಮುಳ್ಳು ಮಾತ್ರ ಧಾರಾಳ. ಹಾಗಾಗಿ ಉಣ್ಣೆ ತೊಳೆಯುವ ಘಟಕದಲ್ಲಿ ಅದನ್ನು ನೀರಿಗೆ ಹಾಕುವ ಮೊದಲು ಒಣಗಿದ್ದಾಗಲೇ ಜಾಲರಿ ಮೇಲೆ ಚೆನ್ನಾಗಿ ಕೊಡವಿ. ಇಲ್ಲಿ ಉದುರದ ಮಣ್ಣು ಆಮೇಲೆ ಹಸಿ ಕೆಸರಾಗಿ ಹಲವು ಪಟ್ಟು ತೂಗುತ್ತದೆ, ಅದನ್ನು ಸಾಗಿಸುವ ಖರ್ಚೂ ನಿಮ್ಮದೇ.

ನಾಲ್ಕು ತೊಟ್ಟಿ ಇದ್ದರೆ ಹೊಸ ನೀರು ಕೊನೆಯದಕ್ಕೆ ಮಾತ್ರ. ಉಣ್ಣೆ ಮುಂದಕ್ಕೆ ಹೋಗಲಿ, ನೀರು ಹಿಂದಕ್ಕೆ ಬರಲಿ. ಸೋಪು ಹಾಕುವ ತೊಟ್ಟಿಗಳು 55ರಿಂದ 65 ಡಿಗ್ರಿ, ಜಾಲಿಸುವುದು 45ರಿಂದ 50. ಕುರಿಜಿಡ್ಡು ಕರಗುವುದು 40ರ ಆಸುಪಾಸಿನಲ್ಲಿ. ಬಾಯ್ಲರ್ ಸೋತು ನೀರು ಅದಕ್ಕಿಂತ ತಣ್ಣಗಾದರೆ ಬಿಟ್ಟ ಜಿಡ್ಡು ಮತ್ತೆ ಉಣ್ಣೆಗೇ ಅಂಟುತ್ತದೆ. ಹಿಂಡುವ ರೋಲರಿನ ರಬ್ಬರು ಸವೆದಿದ್ದರೆ ಕೊಳೆ ನೀರು ಉಣ್ಣೆಯ ಜೊತೆಗೇ ಮುಂದಿನ ತೊಟ್ಟಿಗೆ ಹೋಗುತ್ತದೆ. ಆಗ ಈ ಏರ್ಪಾಡೆಲ್ಲ ದಂಡ.

ಎಲ್ಲಕ್ಕಿಂತ ಮುಖ್ಯ, ಮೊದಲ ತೊಟ್ಟಿಯ ನೀರನ್ನು ಜಾಲಿಸಿದ ನೀರಿಗೆ ಸೇರಿಸಬೇಡಿ. ಜಾಲಿಸಿದ ನೀರು ತಿಳಿಯಾಗಿಸಿ, ಮರಳು ಫಿಲ್ಟರ್ ದಾಟಿಸಿದರೆ ಮೊದಲ ಎರಡು ತೊಟ್ಟಿಗೆ ಮತ್ತೆ ಬಳಸಬಹುದು. ಮೊದಲ ತೊಟ್ಟಿಯಲ್ಲಿ ಜಿಡ್ಡಿನ ಜೊತೆ ಕುರಿಯ ಬೆವರಿನ ಪೊಟ್ಯಾಶಿಯಂ ಲವಣವೂ ಇರುತ್ತದೆ. ಅದು ಪೂರ್ತಿ ಕರಗಿರುವುದರಿಂದ ಕೊಳೆಯನ್ನು ಗಂಟುಕಟ್ಟಿಸುವ ಪಟಿಕ ಅಂದರೆ ಆಲಮ್‌ಗೂ ಬಗ್ಗುವುದಿಲ್ಲ, ಫಿಲ್ಟರಿಗೂ ಬಗ್ಗುವುದಿಲ್ಲ. ಒಮ್ಮೆ ಬೆರೆತರೆ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣದ ಪ್ರಮಾಣ) ಸುತ್ತು ಸುತ್ತಿಗೂ ಏರುತ್ತದೆ, ಆಮೇಲೆ ಆರ್‌ಒ ಎಂಬ ಪೊರೆಯ ಶುದ್ಧೀಕರಣ ಬಿಟ್ಟು ದಾರಿಯಿಲ್ಲ. ಜಿಡ್ಡು ಉಳಿದ ನೀರು ಆರ್‌ಒ ಪೊರೆಯನ್ನೂ ಕಟ್ಟಿಸುತ್ತದೆ.

ಮೊದಲ ತೊಟ್ಟಿಯ ಜಿಡ್ಡು ಒಡೆಯುವ ಬಗೆ ನೀವು ಬಳಸುವ ಸಾಬೂನನ್ನು ಅವಲಂಬಿಸಿದೆ. ಮಾಮೂಲಿ ಸೋಪಾದರೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಪಿಎಚ್ 3ರಿಂದ 4ಕ್ಕೆ ಇಳಿಸಿ, ಜಿಡ್ಡು ಬಿಟ್ಟುಕೊಳ್ಳುತ್ತದೆ. ನಾನ್-ಅಯಾನಿಕ್ (ವಿದ್ಯುದಂಶವಿಲ್ಲದ) ಡಿಟರ್ಜೆಂಟ್ ಆದರೆ ಆಸಿಡ್ ಒಂದನ್ನೇ ನಂಬಬೇಡಿ, ಆಲಮ್ ಅಥವಾ ಪಿಎಸಿ (ಪಾಲಿ ಅಲ್ಯೂಮಿನಿಯಂ ಕ್ಲೋರೈಡ್) ಬೇಕಾಗುತ್ತದೆ. ಪ್ರಮಾಣಕ್ಕೆ ಜಾರ್ ಟೆಸ್ಟ್ ಮಾಡಿ: ಶೇ 10ರ ಆಲಮ್ ದ್ರಾವಣದ 1 ಎಂಎಲ್ ಅಂದರೆ 100 ಮಿಲಿಗ್ರಾಂ. ಆರು ಬೀಕರಿನಲ್ಲಿ ಒಂದೊಂದು ಲೀಟರ್ ನೀರಿಗೆ 2, 4, 6 ಹೀಗೆ 12 ಎಂಎಲ್‌ವರೆಗೆ ಹಾಕಿ, ಒಂದು ನಿಮಿಷ ಜೋರಾಗಿ, ಹದಿನೈದು ನಿಮಿಷ ನಿಧಾನವಾಗಿ ಕಲಕಿ, ಅರ್ಧ ಗಂಟೆ ಬಿಡಿ. ಪಿಎಚ್ 6.5ರಿಂದ 7.5ರೊಳಗೆ ಇರಲಿ. ಎಳ್ಳಿನಷ್ಟು ದಪ್ಪದ ಗಂಟುಗಳು ಮೂಡಿ, ನಡುವಿನ ನೀರು ಆರಪಾರ ಕಂಡರೆ ಅದೇ ಸರಿಯಾದ ಡೋಸ್. ನೀರಿನ ಕಂದು ಬಣ್ಣ ಹಾಗೇ ಉಳಿಯುತ್ತದೆ. ಬಣ್ಣ ಹೋಗಲಿ ಎಂದು ಇನ್ನಷ್ಟು ಸುರಿದರೆ ನೀರು ಮತ್ತೆ ಕದಡುತ್ತದೆ. ಉಣ್ಣೆಯ ಲಾಟ್ ಬದಲಾದಾಗೆಲ್ಲ ಈ ಪರೀಕ್ಷೆ ಹೊಸದಾಗಿ ಆಗಬೇಕು.

ಆಸಿಡ್ ಹಾಕಿದ ನೀರನ್ನು ಸುಣ್ಣದಿಂದ ಸರಿಪಡಿಸುವುದು ಅಗ್ಗ, ಆದರೆ ಜಿಪ್ಸಂ ಕೆಸರು ಬರುತ್ತದೆ, ಗಡಸುತನವೂ ಏರುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರು ಮೊದಲೇ ಗಡಸು. ಗಡಸು ನೀರಿನಲ್ಲಿ ಸೋಪು ಒಡೆದು ಉಣ್ಣೆಗೆ ಅಂಟಂಟಾಗಿ ಮೆತ್ತಿಕೊಳ್ಳುತ್ತದೆ, ಉಣ್ಣೆ ಹಿಂಜುವ ಕಾರ್ಡಿಂಗ್‌ನವರು ಬೈಯುವುದು ಇದಕ್ಕೇ.

ಜಿಡ್ಡು ತೆಗೆದ ನೀರಿಗೆ ಗಾಳಿ ಊದಿ ಸೂಕ್ಷ್ಮಜೀವಿಗಳಿಂದ ಕೊಳೆ ತಿನ್ನಿಸುವ ಏರೇಶನ್ ಟ್ಯಾಂಕಿನ ಮೇಲೆ ದಪ್ಪ ಕಂದು ನೊರೆ ಕಂಡರೆ ಜಿಡ್ಡು ಒಳಗೆ ನುಸುಳಿದೆ ಎಂದು ಮೊದಲು ಅನುಮಾನಿಸಿ.

ಹಳ್ಳಕ್ಕೆ ಬಿಡುವ ನೀರಿಗೆ ಸಾಮಾನ್ಯ ಮಾನದಂಡ ಲೀಟರಿಗೆ ಬಿಒಡಿ (ಸೂಕ್ಷ್ಮಜೀವಿಗಳು ಕೊಳೆ ಕರಗಿಸಲು ಬೇಕಾಗುವ ಆಮ್ಲಜನಕ) 30, ಸಿಒಡಿ (ಕೊಳೆಯನ್ನು ರಾಸಾಯನಿಕವಾಗಿ ಕರಗಿಸಲು ಬೇಕಾಗುವ ಆಮ್ಲಜನಕ) 250, ಎಣ್ಣೆ-ಜಿಡ್ಡು 10 ಮಿಲಿಗ್ರಾಂ. ತೋಟಕ್ಕಾದರೆ ಬಿಒಡಿ 100ರವರೆಗೆ ನಡೆಯುತ್ತದೆ, ಜಿಡ್ಡಿನ ಮಿತಿ ಮಾತ್ರ ಅದೇ. ತೆಂಗಿಗೆ ಬಿಡುವ ಯೋಚನೆ ಇದ್ದರೆ ತೊಳೆಯುವಾಗ ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್) ಆದಷ್ಟು ಕಡಿಮೆ ಬಳಸಿ. ಪೊಟ್ಯಾಶಿಯಂ ತೆಂಗಿಗೆ ಬೇಕಾದದ್ದೇ. ಸೋಡಿಯಂ ಮಾತ್ರ ಜೇಡಿಮಣ್ಣನ್ನು ಗಟ್ಟಿ ಮಾಡಿ, ನೀರು ಇಂಗದಂತೆ ಮಾಡುತ್ತದೆ.