ಮೇಜಿನ ಈಚೆಗೆ ನಿಂತು ಕಂಡ ಕಾಮಿಕ್ ಕಾನ್

ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಬಸ್ಸಿನ ಡಿಕ್ಕಿಗೆ ಎರಡು ರಟ್ಟಿನ ಪೆಟ್ಟಿಗೆ ಹಾಕಿಸುವಾಗ ಕ್ಲೀನರ್ ಹುಡುಗ ಒಮ್ಮೆ ಎತ್ತಿ ನೋಡಿ, "ಕಲ್ಲು ತುಂಬಿದ್ದೀರಾ?" ಎಂದ. ಪುಸ್ತಕ ಎಂದೆ. "ಯಾವ ಕ್ಲಾಸಿಂದು?" ಎಂದ. ಯಾವ ಕ್ಲಾಸಿನದೂ ಅಲ್ಲ, ಕಾಮಿಕ್ಸು, ನಾನೇ ಚಿತ್ರ ಬರೆದು ಅಚ್ಚು ಹಾಕಿಸಿದ್ದು, ಬೆಂಗಳೂರಿನ ಕಾಮಿಕ್ ಕಾನ್ ಎಂಬ ಕಾಮಿಕ್ಸ್ ಜಾತ್ರೆಯಲ್ಲಿ ಮೇಜು ಹಾಕಿಕೊಂಡು ಮಾರಲಿಕ್ಕೆ ಹೊರಟಿದ್ದೇನೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಅವನು ಇನ್ನೊಬ್ಬರ ತೆಂಗಿನಕಾಯಿ ಗೋಣಿಯನ್ನು ನನ್ನ ಪೆಟ್ಟಿಗೆಯ ಮೇಲೆ ಹೇರಿ ಆಗಿತ್ತು.

ಪುಸ್ತಕದ ಹೆಸರು 'ಹದಿನಾಲ್ಕು ತಿರುವು'. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ದೊಡ್ಡ ಬಸ್ಸು ಅಲ್ಲಿ ತಿರುಗುವುದಿಲ್ಲ, ಮಿನಿ ಬಸ್ಸೇ ಗತಿ. ಕೊನೇ ಟ್ರಿಪ್ಪಿನ ಮಿನಿ ಬಸ್ಸಿಗೆ ಒಬ್ಬ ಪ್ರಯಾಣಿಕ ಹತ್ತುತ್ತಾನೆ, ಮೊದಲ ತಿರುವಿನಲ್ಲಿ ಇಳಿಯುತ್ತಾನೆ, ಎರಡನೇ ತಿರುವಿನಲ್ಲಿ ಅವನೇ ಕೈ ಅಡ್ಡ ಹಿಡಿದು ನಿಂತಿರುತ್ತಾನೆ. ಪ್ರತಿ ಸಲವೂ ಹೊಸ ಟಿಕೆಟ್ಟು, ಪ್ರತಿ ಸಲವೂ ಅವನು ಕೊಡುವ ಚಿಲ್ಲರೆ ಹಳತಾಗುತ್ತಾ ಹೋಗುತ್ತದೆ. ಹತ್ತು ರೂಪಾಯಿ ನೋಟು, ಎಂಟಾಣೆ, ನಾಲ್ಕಾಣೆ, ಚೌಕದ ಐದು ಪೈಸೆ, ಆಮೇಲೆ 1957ಕ್ಕಿಂತ ಹಿಂದಿನ ನಿಜವಾದ ಆಣೆ. ಕೊನೆಯ ತಿರುವಿನಲ್ಲಿ ಏನು ಕೊಡುತ್ತಾನೆ ಎಂದು ಇಲ್ಲಿ ಹೇಳುವುದಿಲ್ಲ, ಪ್ರತಿಗಳು ಇನ್ನೂ ಉಳಿದಿವೆ. ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಮಗ್ಗಿಯಲ್ಲೇ ಬರಬೇಕು. ಒಂದೊಂದು ತಿರುವಿಗೆ ಎದುರುಬದುರು ಎರಡು ಪುಟ, ಹತ್ತುವ ಮೊದಲು ಒಂದು, ಮೇಲೆ ಹೋದ ಮೇಲೆ ಮೂರು, ಅಲ್ಲಿಗೆ 32. ಘಾಟಿಯೇ ಬೈಂಡಿಂಗಿಗೆ ಅನುಕೂಲ ಮಾಡಿಕೊಟ್ಟಿತ್ತು.

ಶಿರಾಡಿ, ಸಕಲೇಶಪುರ, ಹಾಸನ ನಿದ್ದೆಯಲ್ಲೇ ಕಳೆದುಹೋದವು. ಶುಕ್ರವಾರ ಬೆಳಿಗ್ಗೆ ಹಲಸೂರಿನ ಚಿಕ್ಕಮ್ಮನ ಮನೆಯಲ್ಲಿ ಪೆಟ್ಟಿಗೆ ಇಳಿಸಿ, ಮಧ್ಯಾಹ್ನ ಟ್ರಿನಿಟಿ ಸರ್ಕಲ್ ಬಳಿಯ ಕಾರ್ಟೂನ್ ಗ್ಯಾಲರಿಗೆ ನಡೆದೆ. ಎಂ.ಜಿ. ರಸ್ತೆಯ ಗದ್ದಲದಿಂದ ಒಂದು ತಿರುವು ಒಳಗೆ, ಮಿಡ್‌ಫೋರ್ಡ್ ಹೌಸಿನಲ್ಲಿ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಾರ್ಟೂನಿಸ್ಟ್ಸ್ ನಡೆಸುವ ಜಾಗ ಅದು. ಬೆಂಗಳೂರಿಗೆ ಹೋದಾಗಲೆಲ್ಲ ನಾನು ಅಲ್ಲಿಗೊಂದು ಸುತ್ತು ಹೋಗುವುದುಂಟು. ಗೋಡೆಯ ಮೇಲೆ ಯಾರ ಚಿತ್ರವೇ ಇರಲಿ, ಗೆರೆಯನ್ನು ಮೂಗಿನ ಹತ್ತಿರದಿಂದ ನೋಡಬಹುದು. ಕಪ್ಪು ಶಾಯಿ ಎಲ್ಲಿ ದಪ್ಪವಾಗಿದೆ, ಎಲ್ಲಿ ಬಿಳಿ ಹಚ್ಚಿ ತಿದ್ದಿದ್ದಾರೆ ಎಂದು ಕಾಣುತ್ತದೆ. ಈ ಊರಲ್ಲೇ ರಾಶಿಯವರು 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ಶುರು ಮಾಡಿದ್ದು, ಆರ್.ಕೆ. ಲಕ್ಷ್ಮಣ್ ಎಳೆ ವಯಸ್ಸಿನಲ್ಲಿ ಅದಕ್ಕೆ ಚಿತ್ರ ಬರೆದಿದ್ದು. 25 ವರ್ಷ ನಡೆದ ಪತ್ರಿಕೆ. ಅಷ್ಟು ಕಾಲ ಜನ ದುಡ್ಡು ಕೊಟ್ಟು ಕನ್ನಡದಲ್ಲಿ ನಕ್ಕಿದ್ದಾರೆ ಎನ್ನುವುದು ಮಾರನೇ ದಿನ ಮೇಜು ಹಾಕುವವನಿಗೆ ಸಣ್ಣ ಧೈರ್ಯವಲ್ಲ.

ಕಾಮಿಕ್ ಕಾನ್ ಬೆಂಗಳೂರಿಗೆ ಮೊದಲು ಬಂದದ್ದು 2012ರಲ್ಲಿ, ಕೋರಮಂಗಲದ ಒಳಾಂಗಣ ಕ್ರೀಡಾಂಗಣಕ್ಕೆ. ಈಗ ಅದು ವೈಟ್‌ಫೀಲ್ಡಿನ ಕೆಟಿಪಿಒ ಎಂಬ ವಸ್ತುಪ್ರದರ್ಶನ ಸಭಾಂಗಣಗಳಲ್ಲಿ. ಮುಂಚೆ ಆ ಕಡೆ ಹೋಗುವುದೆಂದರೆ ಕೆ.ಆರ್. ಪುರದ ತೂಗುಸೇತುವೆ ಬಳಿ ಅರ್ಧ ಆಯುಸ್ಸು ಕಳೆಯಬೇಕಿತ್ತು. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ ಉಳಿದಿದ್ದ ಮೆಟ್ರೊ ತುಂಡು ಸೇರಿದ ಮೇಲೆ ನೇರಳೆ ಮಾರ್ಗ ಚಲ್ಲಘಟ್ಟದಿಂದ ಕಾಡುಗೋಡಿವರೆಗೆ ಒಂದೇ ಓಟ. ಶನಿವಾರ ಬೆಳಿಗ್ಗೆ ಹಲಸೂರಿನಲ್ಲಿ ಹತ್ತಿದಾಗ ಬೋಗಿಯಲ್ಲಿ ಟೆಕ್ಕಿಗಳಿಗಿಂತ ವಿಗ್ಗುಗಳೇ ಹೆಚ್ಚಿದ್ದವು. ಮೆಚ್ಚಿನ ಪಾತ್ರದ ವೇಷ ತೊಟ್ಟು ಕಾನ್‌ಗೆ ಹೊರಟವರು: ನೀಲಿ ಕೂದಲು, ಗುಲಾಬಿ ಕೂದಲು, ಫೋಮಿನ ಕತ್ತಿ. ಅಜ್ಜಿಯೊಬ್ಬರು ಕೆಂಪು ನಿಲುವಂಗಿ ತೊಟ್ಟವನಿಗೆ "ಯಾವ ನಾಟಕ ಮಗಾ?" ಎಂದು ಕೇಳಿದರು. ಅವನು ಬಹಳ ವಿನಯದಿಂದ ಒಂದು ಜಪಾನಿ ಹೆಸರು ಹೇಳಿದ. ಅಜ್ಜಿ ತಲೆಯಾಡಿಸಿ, "ಒಳ್ಳೇದಾಗ್ಲಿ" ಎಂದರು. ನಲ್ಲೂರಹಳ್ಳಿಯಲ್ಲಿ ಇಳಿದು ಆಟೊ ಹಿಡಿದೆ.

ಒಳಗೆ ಹೋದರೆ ಜಾತ್ರೆಯ ಲೆಕ್ಕಾಚಾರವೇ. ರಥಬೀದಿಯಲ್ಲಿ ದೊಡ್ಡ ಅಂಗಡಿಗಳು, ಅವಕ್ಕೆ ದೊಡ್ಡ ಸ್ಪೀಕರು. ಬಳೆ-ಪೀಪಿಯವರಿಗೆ ಪಕ್ಕದ ಗಲ್ಲಿ. ಆ ಗಲ್ಲಿಯ ಹೆಸರು ಆರ್ಟಿಸ್ಟ್ ಆಲಿ. ಒಬ್ಬರಿಗೆ ಒಂದು ಮೇಜು, ಹಿಂದೆ ಬ್ಯಾನರು ತೂಗಲು ಜಾಗ. ನನ್ನ ಎಡಕ್ಕೆ ಹುಬ್ಬಳ್ಳಿಯ ಹುಡುಗ. ಅನಿಮೆ ಎಂಬ ಜಪಾನಿ ಕಾರ್ಟೂನುಗಳ ಪಾತ್ರಗಳ ಪ್ರಿಂಟು, ಸ್ಟಿಕ್ಕರು, ಬಟನ್ ಬ್ಯಾಡ್ಜು ಅವನ ಸರಕು. ನಾನು 32 ಪುಟದ ಪುಸ್ತಕಗಳನ್ನು ಗೋಪುರದ ಹಾಗೆ ಜೋಡಿಸಿದ್ದು ನೋಡಿ, "ಅಣ್ಣಾರ, ಗುಡಿ ಕಟ್ಟಬ್ಯಾಡ್ರಿ. ಒಂದ್ ಪುಸ್ತಕ ತೆರೆದಿಡ್ರಿ. ಜನ ಮುಚ್ಚಿದ್ದು ಮುಟ್ಟೂದಿಲ್ರಿ" ಎಂದ. ಅವನ ಮಾತಿನಂತೆ ಏಳನೇ ತಿರುವಿನ ಪುಟ ತೆರೆದಿಟ್ಟೆ. ಮಳೆ, ಟಾರ್ಚಿನ ಬೆಳಕು, ಕಂಡಕ್ಟರನ ಅಂಗೈಯಲ್ಲಿ ನಾಲ್ಕಾಣೆ. ಮಾತು ಬರೆಯುವ ಬಲೂನಿನಲ್ಲಿ ಒಂದೇ ಸಾಲು: "ಇದು 2011ರಲ್ಲೇ ಬಂದ್ ಆಯ್ತಲ್ಲ ಮಾರಾಯ್ರೆ!"

ಮೊದಲ ಗಂಟೆಗಳಲ್ಲಿ ಕೇಳಿಸಿದ್ದು ಒಂದೇ ಪ್ರಶ್ನೆ. "ಇದು ಇಂಗ್ಲಿಷಲ್ಲಿ ಇಲ್ವಾ?" ಕೇಳಿದವರಲ್ಲಿ ಹೆಚ್ಚಿನವರು ಕನ್ನಡದಲ್ಲೇ ಕೇಳಿದರು. ಇದನ್ನು ಹಿಡಿದು ಭಾಷೆಯ ಗೋಳು ತೋಡಿಕೊಳ್ಳುವುದು ಸುಲಭ, ನನಗೆ ಅದರಲ್ಲಿ ಆಸಕ್ತಿ ಇಲ್ಲ. ಅವರು ಕನ್ನಡವನ್ನು ಬೇಡ ಎನ್ನುತ್ತಿರಲಿಲ್ಲ. ಓದಲು ನಿಧಾನ, ಜನರ ಎದುರು ತಡವರಿಸಲು ನಾಚಿಕೆ. ಹತ್ತನೇ ತರಗತಿಯ ನಂತರ ಕನ್ನಡದಲ್ಲಿ ಓದಿದ್ದೆಂದರೆ ಬಸ್ಸಿನ ಬೋರ್ಡು ಮತ್ತು ಮದುವೆ ಕಾಗದ ಎನ್ನುವ ಪೀಳಿಗೆ. ಅಂಥವರ ಕಣ್ಣಿಗೆ ಕಾಮಿಕ್ಸಿನ ಬಲೂನು ಹೇಗೆ ಕಾಣುತ್ತದೆ ಎಂಬ ಯೋಚನೆ ಕಾಗದ ಮುಂದಿಟ್ಟುಕೊಂಡ ದಿನದಿಂದ ನನ್ನ ತಲೆಯಲ್ಲಿತ್ತು.

ಅಕ್ಷರದ ಈ ಕಷ್ಟ ಹೊರಗಿನವರಿಗೆ ಗೊತ್ತಿರುವುದಿಲ್ಲ. ಇಂಗ್ಲಿಷ್ ಕಾಮಿಕ್ಸಿನವರು ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆಯುತ್ತಾರೆ, ಎಲ್ಲ ಅಕ್ಷರದ ಎತ್ತರವೂ ಒಂದೇ, ಸಾಲಿನ ಮೇಲೆ ಸಾಲು ಒತ್ತೊತ್ತಾಗಿ ಕೂರುತ್ತದೆ. ನಮ್ಮದರಲ್ಲಿ ಮೇಲೆ ಗುಣಿತ, ಕೆಳಗೆ ಒತ್ತು. "ಅಷ್ಟೊತ್ತಿಗೆ" ಎಂದು ಬರೆದರೆ ಅದರ ಬಾಲ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಸಾಲುಗಳ ನಡುವೆ ಜಾಗ ಬಿಟ್ಟರೆ ಬಲೂನು ಊದಿ ಬಸ್ಸನ್ನೇ ಮುಚ್ಚುತ್ತದೆ. ಕಂಪ್ಯೂಟರಿನ ಫಾಂಟು ಹಾಕಿದರೆ, ಸರಿಯಾದ ಸೆಟ್ಟಿಂಗ್ ಇಲ್ಲದ ಕಡೆ ಒತ್ತಕ್ಷರ ಒಡೆದು ಹಲ್ಲು ಉದುರಿದ ಹಾಗೆ ಬೀಳುತ್ತದೆ. ಯೂನಿಕೋಡ್ ಬೇಡ, ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಕೊಡಿ ಎನ್ನುವ ಪ್ರೆಸ್ಸುಗಳು ಈಗಲೂ ಉಂಟು. ಹಾಗಾಗಿ ಕೈಯಲ್ಲೇ ಬರೆದೆ, ದೊಡ್ಡದಾಗಿ. ಒಂದು ಬಲೂನಿಗೆ ಆರೇಳು ಪದಕ್ಕಿಂತ ಹೆಚ್ಚು ಇಲ್ಲ. ನಾಲ್ಕು ತಿರುವುಗಳಲ್ಲಿ ಮಾತೇ ಇಲ್ಲ, ಬರೀ ಮಳೆ ಮತ್ತು ಹಾರ್ನು.

ಅದು ಹೇಗೆ ಓದಿಸಿಕೊಳ್ಳುತ್ತದೆ ಎಂದು ತೋರಿಸಿಕೊಟ್ಟವಳು ಯಾವುದೋ ವಿಡಿಯೊ ಗೇಮಿನ ಯೋಧೆಯ ವೇಷ ತೊಟ್ಟ ಹುಡುಗಿ. ಹೆಗಲಿನಿಂದ ಮೊಣಕಾಲಿನವರೆಗೆ ಫೋಮಿನ ಕವಚ, ಅದಕ್ಕೆ ತಾಮ್ರದ ಬಣ್ಣ, ಹತ್ತಿರ ಬಂದರೆ ಗ್ಲೂ ಗನ್ನಿನ ಎಳೆಗಳು ಜೇಡರ ಬಲೆಯಂತೆ ಅಂಚಿನಲ್ಲಿ ಹೊಳೆಯುತ್ತಿದ್ದವು. ಕೈಗೆ ದಪ್ಪನೆ ಉಗುರಿನ ಗವಸು. ಪುಟ ತಿರುಗಿಸಲು ಬರುವುದಿಲ್ಲ, ಬಿಚ್ಚಿದರೆ ಮತ್ತೆ ಹಾಕಲು ಇನ್ನೊಬ್ಬರು ಬೇಕು. "ನೀವೇ ತಿರುಗಿಸ್ತೀರಾ ಪ್ಲೀಸ್?" ಎಂದಳು. ತಿರುಗಿಸಿದೆ.

ಎದುರು ನಿಂತವರ ಓದಿನ ವೇಗಕ್ಕೆ ನಾನೇ ಪುಟ ಮಗುಚುವುದು ಅದೇ ಮೊದಲು. ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು, ಅಕ್ಷರ ಕೂಡಿಸಿ ಓದುತ್ತಿದ್ದಳು. ಒಂದು ಬಲೂನು ಮುಗಿದ ಮೇಲೆ ಕಣ್ಣು ಚಿತ್ರಕ್ಕೆ ಇಳಿದು, ಮತ್ತೆ ಬಲೂನಿಗೆ ಏರಿ, ಆಮೇಲೆ "ಹ್ಞೂಂ" ಬರುತ್ತಿತ್ತು. ಮಾತಿಲ್ಲದ ಪುಟ ಬೇಗ ಮುಗಿಯುತ್ತದೆ ಎಂದುಕೊಂಡಿದ್ದರೆ ಅಲ್ಲಿಯೇ ಹೆಚ್ಚು ಹೊತ್ತು ನಿಂತಳು. ಓದುವ ಕೆಲಸ ಇಲ್ಲವೆಂದು ಗೊತ್ತಾದ ಕೂಡಲೇ ಮೈ ಸಡಿಲ ಬಿಟ್ಟು ಬಸ್ಸಿನೊಳಗಿನ ಮುಖಗಳನ್ನು ಒಂದೊಂದಾಗಿ ನೋಡಿದಳು. ಚೌಕದ ಐದು ಪೈಸೆ ಬಂದಾಗ, "ತಡೀರಿ, ಹಿಂದೆ ಹೋಗಿ" ಎಂದಳು. ಹಿಂದೆ ಹೋದೆವು, ನಾಲ್ಕಾಣೆಗೆ, ಎಂಟಾಣೆಗೆ, ನೋಟಿಗೆ. "ಓಹೋ! ಇವ್ನು ಹಿಂದಿಂದ ಬರ್ತಿದಾನೆ!" ಕೂಗಿದ ಜೋರಿಗೆ ಹುಬ್ಬಳ್ಳಿಯ ಹುಡುಗ ತಿರುಗಿ ನೋಡಿದ. ತುಮಕೂರಿನವಳಂತೆ, ಇಲ್ಲಿ ಎಂಜಿನಿಯರಿಂಗ್. ದುಡ್ಡು ಅವಳ ಗೆಳತಿಯ ಫೋನಿನಿಂದ ಬಂತು.

ಆಮೇಲೆ ಎರಡೂ ದಿನ ನಾನು ಮಾರುವುದಕ್ಕಿಂತ ಹೆಚ್ಚಾಗಿ ಮಾಡಿದ ಕೆಲಸ ಇದು: ಓದುವವರ ಕಣ್ಣು ನೋಡುವುದು. ವಾರಪತ್ರಿಕೆಗೆ ಚಿತ್ರ ಕಳಿಸಿ ನನಗೆ ಅಭ್ಯಾಸವಿದೆ. ಅಚ್ಚಾಗುತ್ತದೆ, ಗೌರವಧನ ಬರುತ್ತದೆ, ಅಪರೂಪಕ್ಕೆ ಒಂದು ಪತ್ರ. ಓದುಗ ಯಾವ ಚೌಕದಲ್ಲಿ ನಿಂತ, ಎಲ್ಲಿ ಹಾರಿದ, ಎಲ್ಲಿಂದ ಹಿಂದೆ ಬಂದ ಎಂದು ಯಾವ ಸಂಪಾದಕರೂ ಹೇಳಲಾರರು. ಇಲ್ಲಿ ಒಂದು ಮೇಜಿನ ಅಗಲದಾಚೆ ಅದು ನಡೆಯುತ್ತಿರುತ್ತದೆ. ಐದು ಪೈಸೆಯ ಹತ್ತಿರ ಪುಟ ಹಿಂದಕ್ಕೆ ಹೋಗದ ಓದುಗರು ಕಡಿಮೆ. ಹನ್ನೊಂದನೇ ತಿರುವನ್ನು ಮಾತ್ರ ಬಹಳ ಜನ ಒಂದೇ ಉಸಿರಿಗೆ ದಾಟಿದರು. ಅಲ್ಲಿ ನಾನು ಬಹಳ ಇಷ್ಟಪಟ್ಟು ಬರೆದ ಮಂಜು ಇತ್ತು. ಇರಲಿ.

ಒಬ್ಬರು ಅಪ್ಪ, ಹೆಗಲ ಮೇಲೆ ಜೇಡನ ಮುಖವಾಡದ ಮಗ. ಮಗನಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಅಪ್ಪ ನಿಂತಲ್ಲೇ ಗಟ್ಟಿಯಾಗಿ ಓದತೊಡಗಿದರು, ಕಂಡಕ್ಟರನ ದನಿ ತೆಗೆದು, "ಹೋಲ್ಡಾನ್... ರೈಟ್ ರೈಟ್" ಎಂದು. ನಾಲ್ಕನೇ ತಿರುವಿನ ಹೊತ್ತಿಗೆ ಮೇಜಿನ ಮುಂದೆ ಗುಂಪು ಕೂಡಿತು. ನಾನು ಸುಮ್ಮನೆ ನಿಂತೆ, ನನಗಿಂತ ಚೆನ್ನಾಗಿ ಓದುತ್ತಿದ್ದರು. ಗುಂಪಿನಲ್ಲಿದ್ದ ಹಿರಿಯರೊಬ್ಬರು ಆಣೆಯ ಚಿತ್ರದ ಮೇಲೆ ಬೆರಳಿಟ್ಟು, "ಅಂಚು ಅಲೆ ಅಲೆ ಇತ್ತು, ಸರಿಯಾಗಿದೆ" ಎಂದು ಪ್ರಮಾಣಪತ್ರ ಕೊಟ್ಟರು. ಓದಿದ ಅಪ್ಪ ಕೊನೆಗೆ, "ಕನ್ನಡದಲ್ಲಿ ಕಾಮಿಕ್ಸ್ ಹೊಸ ಪ್ರಯೋಗ, ಅಲ್ವಾ?" ಎಂದು ಬೆನ್ನು ತಟ್ಟಿದರು. ಹೊಸದಲ್ಲ ಎಂದೆ. ಅಮರ ಚಿತ್ರ ಕಥೆಯೇ ಮೊದಲು ಹುಟ್ಟಿದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಅವರ ಹಟದಿಂದ. ಮೊದಲ ಹತ್ತು ಪುಸ್ತಕ ವಿದೇಶಿ ಕಿನ್ನರ ಕಥೆಗಳ ಕನ್ನಡ ರೂಪ. ಅನಂತ ಪೈ ಅವರ 'ಕೃಷ್ಣ'ನಿಗೆ 11ನೇ ಸಂಖ್ಯೆ ಬಿದ್ದದ್ದೇ ಹಾಗೆ. ಪೈ ಅವರು ನಮ್ಮ ಕಾರ್ಕಳದಲ್ಲಿ ಹುಟ್ಟಿದವರು ಎಂದು ಸೇರಿಸುವಾಗ ನನ್ನ ಎದೆ ತುಸು ಉಬ್ಬಿತ್ತು, ಒಪ್ಪಿಕೊಳ್ಳುತ್ತೇನೆ. ಅವರು ಎರಡು ಪ್ರತಿ ತೆಗೆದುಕೊಂಡರು.

ವ್ಯಾಪಾರದ ಮಾತು. ಸಭಾಂಗಣ ತುಂಬಿದ ಮೇಲೆ ಫೋನಿನ ಸಿಗ್ನಲ್ ಸತ್ತುಹೋಗುತ್ತದೆ, ಯುಪಿಐ ಚಕ್ರ ತಿರುಗುತ್ತಲೇ ಇರುತ್ತದೆ. ಕೆಲವರು ಕ್ಯುಆರ್ ಕೋಡಿನ ಫೋಟೊ ತೆಗೆದುಕೊಂಡು, ಹೊರಗೆ ಹೋಗಿ ಕಳಿಸುತ್ತೇವೆ ಎಂದು ಪುಸ್ತಕ ಹಿಡಿದು ಹೋದರು. ಹಲಸೂರಿಗೆ ವಾಪಸಾಗುವಾಗ ಮೆಟ್ರೊದಲ್ಲಿ ನನ್ನ ಫೋನು ಒಂದೇ ಸಮ ಟಣ್ ಟಣ್ ಎನ್ನುತ್ತಿತ್ತು.

150 ರೂಪಾಯಿಯ ಪುಸ್ತಕದ ಮುಂದೆ ಯೋಚಿಸುವವರು 30 ರೂಪಾಯಿಯ ಸ್ಟಿಕ್ಕರಿಗೆ ಯೋಚಿಸುವುದಿಲ್ಲ. "ಚಿಲ್ಲರೆ ಕೊಡಿ" ಎನ್ನುವ ಕಂಡಕ್ಟರನ ಮುಖದ ಸ್ಟಿಕ್ಕರು ಮೊದಲ ದಿನವೇ ಖಾಲಿಯಾಯಿತು. ಬೇರೆಯವರ ಪಾತ್ರ ಬರೆದು ಮಾರುವ ಫ್ಯಾನ್ ಆರ್ಟಿನ ಬಗ್ಗೆ ಈ ಗಲ್ಲಿಯಲ್ಲಿ ಯಾವಾಗಲೂ ಜಗಳವುಂಟು. ಸ್ವಂತದ್ದು ಬರೆಯಿರಿ ಎಂದು ಮೂಗೆಳೆಯುವವರು ಒಂದು ಸಲ ಸ್ವಂತದ್ದನ್ನು ಮಾರಿ ನೋಡಬೇಕು. 1975ರಲ್ಲಿ ಟೋಕಿಯೊದಲ್ಲಿ 32 ಗುಂಪುಗಳೊಂದಿಗೆ ಆರಂಭವಾದ ಕಾಮಿಕೆಟ್ ಇಂದು ಲಕ್ಷಗಟ್ಟಲೆ ಜನರ ಸಂತೆ. ಅಲ್ಲಿಯೂ ಅಭಿಮಾನಿಗಳು ಮೆಚ್ಚಿನ ಪಾತ್ರ ಇಟ್ಟುಕೊಂಡು ಬರೆದ ಕಥೆಗಳೇ ರಾಶಿ. ಹುಬ್ಬಳ್ಳಿಯ ಹುಡುಗನ ಪ್ರಿಂಟಿಗೆ ನಿಂತ ಸಾಲು ಸರಿದು ನನ್ನ ಮೇಜಿಗೆ ಬರುತ್ತಿತ್ತು. ಅವನಿಲ್ಲದಿದ್ದರೆ ನನ್ನ ಆಣೆ ಅಂಗೈಯಲ್ಲೇ ಉಳಿಯುತ್ತಿತ್ತು. ನನ್ನ ಆಕ್ಷೇಪ ಸ್ಪೀಕರುಗಳ ಬಗ್ಗೆ ಮಾತ್ರ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಬಿಸಿಲಿದ್ದರೂ ಗಿರಾಕಿಯ ಮಾತು ಕೇಳಿಸುತ್ತದೆ. ಇಲ್ಲಿ ಸಂಜೆಯ ಹೊತ್ತಿಗೆ ನನ್ನ ಗಂಟಲು ಯಕ್ಷಗಾನದ ಬೆಳಗಿನ ಜಾವದ ಭಾಗವತರದ್ದು.

ಭಾನುವಾರ ಮುಚ್ಚುವ ಹೊತ್ತಿಗೆ ಗಲ್ಲಿಯಲ್ಲಿ ಕೊಡು-ಕೊಳ್ಳು ಶುರುವಾಯಿತು. ದುಡ್ಡಿಲ್ಲ, ಬರೀ ವಿನಿಮಯ. ನನ್ನ ಪುಸ್ತಕ ಕೊಟ್ಟು ಕೊಚ್ಚಿಯ ಒಬ್ಬಳಿಂದ ಮೀನುಗಳ ಬಗ್ಗೆ ಒಂದು ಕಾಮಿಕ್ಸು, ಪುಣೆಯವನಿಂದ ಅವನಜ್ಜನ ಸೈಕಲ್ ಅಂಗಡಿಯ ಕಥೆ ಪಡೆದೆ. ಎರಡರಲ್ಲೂ ಅಕ್ಷರ ಕೈಬರಹವೇ. ಮಲಯಾಳಿಯವಳೂ ನಾನೂ ಒತ್ತಕ್ಷರದ ಕಷ್ಟಸುಖವನ್ನು ಬಹಳ ಹೊತ್ತು ಮಾತಾಡಿದೆವು, ಸುತ್ತ ಜನ ಬ್ಯಾನರು ಸುತ್ತುತ್ತಿದ್ದರು.

ಒಂದು ಪೆಟ್ಟಿಗೆ ಪೂರ್ತಿ ಖಾಲಿ, ಇನ್ನೊಂದರಲ್ಲಿ ತಳ ಮುಚ್ಚುವಷ್ಟು ಉಳಿದಿತ್ತು. ಮೇಜಿನ ಬಾಡಿಗೆಯನ್ನು ಸ್ಟಿಕ್ಕರು ತೀರಿಸಿತು, ಪ್ರೆಸ್ಸಿನ ಬಾಕಿಯನ್ನು ಪುಸ್ತಕ. ಬಸ್ ಚಾರ್ಜು ನನ್ನದೇ ಕೈಯಿಂದ. ಮುಂದಿನ ವರ್ಷಕ್ಕೆ ಹುಬ್ಬಳ್ಳಿಯವನೂ ನಾನೂ ಸೇರಿ ಒಂದೇ ಮೇಜು ಹಿಡಿಯುವುದು ಎಂದು ಮಾತಾಡಿಕೊಂಡಿದ್ದೇವೆ. ಬಾಡಿಗೆ ಅರ್ಧರ್ಧ, ಒಬ್ಬ ಊಟಕ್ಕೆ ಹೋದರೆ ಇನ್ನೊಬ್ಬ ಕಾಯಬಹುದು. ಅವನ ಷರತ್ತು ಒಂದೇ: "ಪುಸ್ತಕ ನಿಮ್ಮದಿರ್ಲಿ, ತೆರೆದಿಡೋ ಪುಟ ನಾ ಹೇಳ್ತೀನ್ರಿ."