ದೊಡ್ಡಪ್ಪನ ಪತ್ರಗಳು ಮತ್ತು ಒಂದು ಡೇಟಾಬೇಸ್ ಸರ್ವರ್

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ದೊಡ್ಡಪ್ಪ ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಬೋಧಿಸಿ ನಿವೃತ್ತರಾದವರು. ಹರಿಹರೇಶ್ವರ ದೇವಾಲಯದ ಶಾಸನಗಳು, ಸಂತೇಬೆನ್ನೂರಿನ ಪುಷ್ಕರಣಿ, ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನ, ಇಂಥ ವಿಷಯಗಳ ಬಗ್ಗೆ ನಾಡಿನ ಬೇರೆ ಬೇರೆ ಊರುಗಳ ಆಸಕ್ತರೊಂದಿಗೆ ಅವರು ಬಹಳ ವರ್ಷಗಳಿಂದ ಇಮೇಲಿನಲ್ಲಿ ಪತ್ರವ್ಯವಹಾರ ನಡೆಸುತ್ತ ಬಂದಿದ್ದಾರೆ. ಆ ಪತ್ರಗಳೆಲ್ಲ ಅವರ ಹಳೆಯ ಡೆಸ್ಕ್‌ಟಾಪಿನಲ್ಲಿವೆ. ಅದರಲ್ಲಿರುವುದು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ, ಸದಾ ಹೊಸದಾಗುತ್ತ ಹೋಗುವ ಬಗೆಯ ಒಂದು ವಿತರಣೆ (ಅಂದರೆ ಬೇಕಾದ ತಂತ್ರಾಂಶಗಳನ್ನೆಲ್ಲ ಜೋಡಿಸಿ ಕೊಡುವ ಕಟ್ಟು). ಪತ್ರ ನೋಡಲು, ಲಿನಕ್ಸಿಗೆ ಮುಕ್ತ ತಂತ್ರಾಂಶ ರೂಪಿಸುವ ಕೆಡಿಇ ಸಮುದಾಯದ ಕೆಮೇಲ್.

ಒಂದು ಬೇಸಿಗೆಯ ಸಂಜೆ ಗುಡುಗು ಸಿಡಿಲಿನ ಮಳೆ ಬಂದು ಇಡೀ ಬಡಾವಣೆಯ ಕರೆಂಟು ಹೋಯಿತು. ಕೆಮೇಲ್ ತೆರೆದಿದ್ದಂತೆಯೇ ಕಂಪ್ಯೂಟರ್ ಆರಿಹೋಯಿತು. ಮರುದಿನ ಬೆಳಿಗ್ಗೆ ಗುಂಡಿ ಒತ್ತಿದಾಗ, ಮೊದಲೇ ಇಳಿಸಿಟ್ಟುಕೊಂಡಿದ್ದ ಹೊಸ ಆವೃತ್ತಿಗಳನ್ನು ವ್ಯವಸ್ಥೆಯು ಲಾಗಿನ್ ಪರದೆ ಬರುವ ಮುನ್ನವೇ ತಾನಾಗಿ ಸ್ಥಾಪಿಸಿಕೊಂಡಿತು. ಆಮೇಲೆ ಕೆಮೇಲ್ ತೆರೆದರೆ ಪತ್ರಗಳಿಲ್ಲ; ವೈಯಕ್ತಿಕ ಮಾಹಿತಿ ನಿರ್ವಹಣಾ ಸೇವೆ ನಡೆಯುತ್ತಿಲ್ಲವೆಂಬ ಸಂದೇಶ ಮಾತ್ರ. ನಾನು ಹೋದಾಗ ದೊಡ್ಡಪ್ಪ ಕುರ್ಚಿ ಬಿಟ್ಟೆದ್ದು ಪರದೆಯನ್ನೇ ನೋಡುತ್ತ ನಿಂತಿದ್ದರು. “ಏನಪಾ ತಮ್ಮ, ಕಾಗದ ಎಲ್ಲಾ ಹೋದ್ವೇನು?” ಎಂದು ಕೇಳಿದರು.

ಪತ್ರಗಳು ಹೋಗಿಲ್ಲವೆಂಬುದನ್ನು ಅವರಿಗೆ ಮೊದಲು ಕಣ್ಣಾರೆ ತೋರಿಸಬೇಕಾಗಿತ್ತು. ಅವರ ಹೋಮ್ ಫೋಲ್ಡರಿನೊಳಗೆ ಅಡಗಿಕೊಂಡಿರುವ ಲೋಕಲ್-ಮೇಲ್ ಎಂಬ ಫೋಲ್ಡರನ್ನು ತೆರೆದೆ. ಅಲ್ಲಿ ಮೇಲ್‌ಡಿರ್ ಪದ್ಧತಿಯಂತೆ ಒಂದೊಂದು ಪತ್ರವೂ ಒಂದೊಂದು ಫೈಲಾಗಿ ಕುಳಿತಿತ್ತು. ಒಂದನ್ನು ಸಾಮಾನ್ಯ ಪಠ್ಯ ಸಂಪಾದಕದಲ್ಲಿ ತೆರೆದಾಗ ಕಳುಹಿಸಿದವರ ವಿಳಾಸ, ದಿನಾಂಕ, ಗಂಟೆ ಎಲ್ಲವೂ ಸ್ಪಷ್ಟವಾಗಿ ಓದಲು ಬಂದವು. ಕೆಳಗಿನ ಕನ್ನಡ ಒಕ್ಕಣೆ ಮಾತ್ರ ಬೇಸ್64 ಸಂಕೇತದಲ್ಲಿ, ಸಾಲು ಸಾಲು ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡಿತು. “ಇಲ್ಲ ದೊಡ್ಡಪ್ಪ, ಎಲ್ಲಾ ಅದಾವೆ” ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು ದಿನಾಂಕವನ್ನು ಓದಿ, ಅದು ಯಾರ ಪತ್ರ, ಯಾವ ಶಾಸನದ ಪಾಠಾಂತರದ ಬಗ್ಗೆ ಬರೆದದ್ದು ಎಂದು ಅಲ್ಲೇ ಹೇಳಿದರು. ಆ ಮೇಲೆಯೇ ಕುರ್ಚಿಯಲ್ಲಿ ಕುಳಿತದ್ದು.

ಹಾಗಾದರೆ ಪತ್ರಗಳು ಡಿಸ್ಕಿನಲ್ಲಿ ಸುಸೂತ್ರವಾಗಿದ್ದರೂ ಅವನ್ನು ತೋರಿಸಲಾಗದಂತೆ ತಡೆದದ್ದು ಏನು? ಕೆಮೇಲ್ ಪತ್ರಗಳನ್ನು ನೇರವಾಗಿ ಓದುವುದಿಲ್ಲ. ನಡುವೆ ಅಕೋನಾಡಿ ಎಂಬ ಸೇವೆಯಿದೆ. ಪತ್ರ, ವಿಳಾಸ ಪುಸ್ತಕ, ಕ್ಯಾಲೆಂಡರ್ ಎಲ್ಲವನ್ನೂ ಅದೇ ಎಲ್ಲ ತಂತ್ರಾಂಶಗಳಿಗೂ ಒದಗಿಸುತ್ತದೆ. ಅದು ತನ್ನ ಲೆಕ್ಕಪತ್ರವನ್ನು ಡೇಟಾಬೇಸಿನಲ್ಲಿ ಇಡುತ್ತದೆ. ಆ ಕಂಪ್ಯೂಟರಿನಲ್ಲಿ ಆ ಡೇಟಾಬೇಸ್ ಒಂದು ಪೂರ್ಣ ಪ್ರಮಾಣದ ಸರ್ವರ್, ಅಂದರೆ ಹಿನ್ನೆಲೆಯಲ್ಲಿ ತಾನೇ ಬೇರೆಯಾಗಿ ಓಡುತ್ತ ಕೇಳಿದ ತಂತ್ರಾಂಶಗಳಿಗೆ ದತ್ತಾಂಶ ಒದಗಿಸುವಂಥದ್ದು. ದೊಡ್ಡ ದೊಡ್ಡ ಜಾಲತಾಣಗಳ ಹಿಂದೆ ಕೆಲಸ ಮಾಡುವ ಮೈಎಸ್‌ಕ್ಯೂಎಲ್ ಅಥವಾ ಅದರ ಕವಲಾದ ಮರಿಯಾಡಿಬಿ ಜಾತಿಯದೇ. ಅಕೋನಾಡಿ ಅದನ್ನು ಪ್ರತಿಯೊಬ್ಬ ಬಳಕೆದಾರರ ಹೆಸರಿನಲ್ಲಿ ಪ್ರತ್ಯೇಕವಾಗಿ, ಹೊರಗಿನ ಜಾಲಕ್ಕೆ ತೆರೆದುಕೊಳ್ಳದಂತೆ ನಡೆಸುತ್ತದೆ. ದೊಡ್ಡಮ್ಮನೂ ತಮ್ಮ ಲಾಗಿನ್ನಿನಲ್ಲಿ ಪತ್ರ ನೋಡುತ್ತಿದ್ದರೆ, ಒಂದೇ ಮನೆಯ ಒಂದೇ ಹಳೆಯ ಯಂತ್ರದಲ್ಲಿ ಎರಡು ಡೇಟಾಬೇಸ್ ಸರ್ವರುಗಳು ಓಡುತ್ತಿರುತ್ತವೆ.

ಅಕೋನಾಡಿಯ ಫೋಲ್ಡರಿನೊಳಗೆ ಸರ್ವರ್ ತನ್ನ ದೂರುಗಳನ್ನು ಬರೆದಿಡುವ ಒಂದು ಲಾಗ್ ಫೈಲ್ ಇದೆ. ಅದರ ಕೊನೆಯ ಸಾಲುಗಳಲ್ಲಿ ವಿಷಯ ಬಿಚ್ಚಿಟ್ಟಂತೆ ಇತ್ತು: ಅರ್ಧಕ್ಕೆ ನಿಂತುಹೋದ ಬಳಿಕ ಆವೃತ್ತಿ ಏರಿಸುವುದಕ್ಕೆ ಬೆಂಬಲವಿಲ್ಲ. ಇದರ ಹಿಂದಿನ ಕೆಲಸ ಹೀಗೆ. ಸರ್ವರ್ ಯಾವುದೇ ಬದಲಾವಣೆಯನ್ನು ಮುಖ್ಯ ಫೈಲಿಗೆ ಸೇರಿಸುವ ಮುನ್ನ ರೀಡೂ ಲಾಗ್ ಎಂಬ ಕಡತದಲ್ಲಿ ಬರೆದುಕೊಳ್ಳುತ್ತದೆ. ಕರೆಂಟು ಹೋಗಿ ಅರ್ಧಕ್ಕೆ ನಿಂತರೆ, ಮತ್ತೆ ಎದ್ದಾಗ ಆ ಲಾಗನ್ನು ಓದಿ ಉಳಿದ ಕೆಲಸ ಮುಗಿಸುತ್ತದೆ. ಕರೆಂಟು ಹೋದದ್ದರಿಂದಲೇ ದತ್ತಾಂಶ ಕೆಡುವುದಿಲ್ಲ. ಅದು ಈ ವ್ಯವಸ್ಥೆಯ ಹಿರಿಮೆಯೇ ಹೌದು. ಆದರೆ ಆ ಲಾಗಿನ ರೂಪ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದುಂಟು. ಹಳೆಯ ಸರ್ವರ್ ಬರೆದಿಟ್ಟ ಮುಗಿಯದ ಲಾಗನ್ನು ಹೊಸ ಸರ್ವರ್ ಮುಟ್ಟಲು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಹಳೆಯ ಸರ್ವರ್ ಒಮ್ಮೆ ಎದ್ದು, ಕೆಲಸ ಮುಗಿಸಿ, ಶಿಸ್ತಾಗಿ ಮಲಗಿದ ಮೇಲೆ ಮಾತ್ರ ಆವೃತ್ತಿ ಏರಿಸಬೇಕು. ಸರ್ವರ್ ನೋಡಿಕೊಳ್ಳುವ ಯಾವ ನಿರ್ವಾಹಕನಿಗೂ ಇದು ಗೊತ್ತಿರುವ ಪಾಠ. ಕರೆಂಟು ಹೋದದ್ದಕ್ಕೂ ಹೊಸ ಆವೃತ್ತಿ ಬಂದದ್ದಕ್ಕೂ ನಡುವೆ ಆ ಒಂದು ಮೆಟ್ಟಿಲು ತಪ್ಪಿತ್ತು. ಅದನ್ನು ತಪ್ಪಿಸಿದವರು ಯಾರೂ ಇಲ್ಲ. ಅಲ್ಲಿ ನಿಂತು ನೋಡಿಕೊಳ್ಳಬೇಕಾದ ನಿರ್ವಾಹಕನೇ ಆ ಮನೆಯಲ್ಲಿ ಇರಲಿಲ್ಲ.

ನನ್ನ ತಕರಾರು ಇರುವುದು ಇಲ್ಲಿಯೇ. ಡೇಟಾಬೇಸ್ ಸರ್ವರನ್ನು ಕಟ್ಟಿದವರು, ಅದರ ಪಕ್ಕದಲ್ಲಿ ಅದನ್ನು ಬಲ್ಲವರೊಬ್ಬರು ಇದ್ದೇ ಇರುತ್ತಾರೆಂದು ನಂಬಿ ಕಟ್ಟಿರುತ್ತಾರೆ. ಮನೆಯ ಕಂಪ್ಯೂಟರಿನ ಪಕ್ಕದಲ್ಲಿ ಇರುವವರು ನಿವೃತ್ತ ಮೇಷ್ಟ್ರು, ಮಂಡಿಪೇಟೆಯ ವ್ಯಾಪಾರಿ, ಪರೀಕ್ಷೆಗೆ ಓದುವ ಹುಡುಗಿ. ಅವರ ಮೇಲೆ ಅವರಿಗೆ ತಿಳಿಯದಂತೆಯೇ ಒಂದು ಸರ್ವರಿನ ಆರೈಕೆಯ ಹೊಣೆಯನ್ನು ಹೊರಿಸುವುದು ನ್ಯಾಯವಲ್ಲ. ನೆನಪಿನ ಜಾಗ ಎಷ್ಟು ತಿನ್ನುತ್ತದೆ, ಯಂತ್ರ ಎಷ್ಟು ನಿಧಾನವಾಗುತ್ತದೆ ಎಂಬುದರ ಮೇಲೆಯೇ ಈ ಚರ್ಚೆ ಸಾಮಾನ್ಯವಾಗಿ ನಡೆಯುತ್ತದೆ. ನನ್ನ ಮಟ್ಟಿಗೆ ಅದು ಎರಡನೆಯ ಮಾತು.

ಈ ತೊಂದರೆಯನ್ನು ಬಹಳ ಹಿಂದೆಯೇ ಅನುಭವಿಸಿ ದಾರಿ ಹುಡುಕಿದವರು ಇದ್ದಾರೆ. 2000ರಲ್ಲಿ ರಿಚರ್ಡ್ ಹಿಪ್ ಅವರು ಅಮೆರಿಕದ ನೌಕಾಪಡೆಯ ಒಂದು ಯುದ್ಧನೌಕೆಗಾಗಿ ತಂತ್ರಾಂಶ ಬರೆಯುತ್ತಿದ್ದರು. ಅದು ಒಂದು ಡೇಟಾಬೇಸ್ ಸರ್ವರನ್ನು ನೆಚ್ಚಿತ್ತು. ಸರ್ವರ್ ನಿಂತರೆ ತಂತ್ರಾಂಶವೂ ನಿಲ್ಲುತ್ತಿತ್ತು. ಸರ್ವರಾಗಲೀ ಅದರ ನಿರ್ವಾಹಕನಾಗಲೀ ಇಲ್ಲದೆ ನಡೆಯುವ ಡೇಟಾಬೇಸ್ ಬೇಕೆಂದು ಅವರು ಕಟ್ಟಿದ್ದೇ ಎಸ್‌ಕ್ಯೂಲೈಟ್. ಅದು ಬೇರೆ ಪ್ರಕ್ರಿಯೆಯಾಗಿ ಓಡುವುದಿಲ್ಲ, ತಂತ್ರಾಂಶದೊಳಗೇ ಸೇರಿಕೊಂಡಿರುತ್ತದೆ, ದತ್ತಾಂಶವೆಲ್ಲ ಒಂದೇ ಫೈಲಿನಲ್ಲಿರುತ್ತದೆ. 2004ರಲ್ಲಿ ಬಂದ ಮೂರನೆಯ ಸರಣಿಯ ಆರಂಭದ ಫೈಲುಗಳನ್ನು ಇಂದಿನ ಆವೃತ್ತಿಯೂ ಓದುತ್ತದೆ. 2050ರವರೆಗೆ ಅದನ್ನು ನಿರ್ವಹಿಸುವ ಉದ್ದೇಶವಿದೆಯೆಂದು ಅದನ್ನು ಬರೆಯುವವರು ಹೇಳಿದ್ದಾರೆ. ಫೈರ್‌ಫಾಕ್ಸಿನ ಬುಕ್‌ಮಾರ್ಕುಗಳು, ಕ್ಯಾಲಿಬರ್ ಪುಸ್ತಕ ಭಂಡಾರದ ಪಟ್ಟಿ, ಥಂಡರ್‌ಬರ್ಡಿನ ಹುಡುಕುವ ಸೂಚಿ ಎಲ್ಲವೂ ಅದರಲ್ಲೇ ಇವೆ. ಇವುಗಳನ್ನು ಬಳಸುವವರಲ್ಲಿ ಹೆಚ್ಚಿನವರಿಗೆ ಒಳಗೊಂದು ಡೇಟಾಬೇಸ್ ಇದೆಯೆಂಬುದೇ ತಿಳಿದಿರುವುದಿಲ್ಲ, ತಿಳಿಯಬೇಕಾದ ಪ್ರಸಂಗವೂ ಬರುವುದಿಲ್ಲ. ಮನೆಯ ಯಂತ್ರಕ್ಕೆ ಒಪ್ಪುವುದು ಇಂಥದ್ದೇ.

ಅಕೋನಾಡಿಯನ್ನು ರೂಪಿಸಿದವರು ವಿಚಾರ ಮಾಡದೆ ಸರ್ವರನ್ನು ಆರಿಸಿಕೊಂಡರೆಂದು ನಾನು ಹೇಳಲಾರೆ. ಅದು 2008ರ ಸುಮಾರಿಗೆ ಕೆಡಿಇಯ ನಾಲ್ಕನೆಯ ಸರಣಿಯೊಂದಿಗೆ ಬಂದಿತು. ಪತ್ರ ತರುವ ಕೆಲಸ, ಸೂಚಿ ಮಾಡುವ ಕೆಲಸ, ಕ್ಯಾಲೆಂಡರ್ ಓದುವ ಕೆಲಸ ಎಲ್ಲವೂ ಏಕಕಾಲಕ್ಕೆ ಡೇಟಾಬೇಸಿಗೆ ಕೈಹಾಕುವ ವಿನ್ಯಾಸ ಅದರದು. ಆಗಿನ ಎಸ್‌ಕ್ಯೂಲೈಟಿನಲ್ಲಿ ಒಬ್ಬರ ಬರವಣಿಗೆ ಫೈಲಿಗೆ ಸೇರುವಷ್ಟು ಹೊತ್ತು ಓದುವವರೂ ಕಾಯಬೇಕಿತ್ತು. ಓದು ಬರಹ ಒಟ್ಟಿಗೇ ಸಾಗಲು ಅನುವು ಮಾಡಿಕೊಡುವ ವಾಲ್ ಎಂಬ ಕ್ರಮ ಅದಕ್ಕೆ ಸೇರಿದ್ದು 2010ರಲ್ಲಿ. ಆದ್ದರಿಂದ ಅಂದಿನ ಆಯ್ಕೆಗೆ ಅಂದಿನ ಕಾರಣವಿತ್ತು. ಆದರೆ ಪರಾವಲಂಬನೆಗೆ ಅದರದೇ ಬೆಲೆಯಿದೆ. ಅದೇ ಕಾಲದ ಅಮರೋಕ್ ಸಂಗೀತ ತಂತ್ರಾಂಶದ ಎರಡನೆಯ ಸರಣಿ, ಮೈಎಸ್‌ಕ್ಯೂಎಲನ್ನು ತನ್ನೊಳಗೇ ಸೇರಿಸಿಕೊಳ್ಳುವ ಗ್ರಂಥಾಲಯವೊಂದನ್ನು ನೆಚ್ಚಿತ್ತು. 2018ರಲ್ಲಿ ಮೈಎಸ್‌ಕ್ಯೂಎಲಿನ ಎಂಟನೆಯ ಆವೃತ್ತಿ ಬಂದಾಗ ಆ ಗ್ರಂಥಾಲಯವನ್ನೇ ತೆಗೆದುಹಾಕಲಾಗಿತ್ತು. ಸರ್ವರ್ ತಯಾರಿಸುವವರ ಕಣ್ಣ ಮುಂದೆ ಇರುವುದು ಸರ್ವರ್ ಕೊಠಡಿಗಳು. ಹಾಡು ಕೇಳುವವರ ಅನುಕೂಲ ಅವರ ಲೆಕ್ಕದಲ್ಲಿ ಮುಂದೆ ಬರುವುದಿಲ್ಲ.

ಆ ದಿನದ ಕೆಲಸಕ್ಕೆ ಮರಳುತ್ತೇನೆ. ಅಕೋನಾಡಿಯ ಡೇಟಾಬೇಸನ್ನು ಅಳಿಸಿಬಿಟ್ಟರೆ ಅದು ಮೇಲ್‌ಡಿರ್ ಓದಿ ಹೊಸದನ್ನು ಕಟ್ಟಿಕೊಳ್ಳುತ್ತದೆ, ಪತ್ರಗಳಿಗೆ ಧಕ್ಕೆಯಿಲ್ಲ. ಆದರೆ ದೊಡ್ಡಪ್ಪ ಪತ್ರಗಳಿಗೆ ಹಚ್ಚಿದ್ದ ಟ್ಯಾಗುಗಳು ಅದರೊಂದಿಗೆ ಹೋಗುತ್ತಿದ್ದವು. ಯಾರ ಪತ್ರ ಯಾವ ಫೋಲ್ಡರಿಗೆ ಎಂಬ ಫಿಲ್ಟರುಗಳೂ ಫೋಲ್ಡರುಗಳ ಒಳಸಂಖ್ಯೆಯನ್ನು ನೆಚ್ಚಿಕೊಂಡಿರುವುದರಿಂದ ದಿಕ್ಕು ತಪ್ಪುತ್ತಿದ್ದವು. ಶಾಸನ, ದೇವಾಲಯ, ಕೈಫಿಯತ್ತು (ಊರುಗಳ ಹಳೆಯ ವೃತ್ತಾಂತದ ದಾಖಲೆ) ಎಂದು ಅವರು ಬೇರ್ಪಡಿಸಿಟ್ಟುಕೊಂಡಿದ್ದ ಆ ಗುರುತುಗಳಲ್ಲಿ ಅವರ ವರ್ಷಗಳ ಓದು ಇತ್ತು. ಅದಕ್ಕಾಗಿ ಉದ್ದದ ದಾರಿಯನ್ನೇ ಹಿಡಿದೆ. ಪ್ಯಾಕೇಜುಗಳ ಸಂಗ್ರಹದಲ್ಲಿ ಉಳಿದಿದ್ದ ಹಳೆಯ ಸರ್ವರನ್ನು ಮತ್ತೆ ಹಾಕಿ ಅಕೋನಾಡಿಯನ್ನು ಎಬ್ಬಿಸಿದೆ. ಲಾಗ್ ಓದಿಕೊಂಡು ಅದು ತೆರೆದುಕೊಂಡಿತು, ಪತ್ರಗಳೂ ಟ್ಯಾಗುಗಳೂ ಇದ್ದಂತೆಯೇ ಕಂಡವು. ಆಮೇಲೆ ಅದನ್ನು ಕ್ರಮವಾಗಿ ನಿಲ್ಲಿಸಿ, ಅಕೋನಾಡಿಯ ಈಚಿನ ಆವೃತ್ತಿಗಳೊಂದಿಗೆ ಬರುವ ವಲಸೆಯ ಸಾಧನವನ್ನು ಬಳಸಿ ಎಲ್ಲವನ್ನೂ ಎಸ್‌ಕ್ಯೂಲೈಟಿಗೆ ವರ್ಗಾಯಿಸಿದೆ. ಮಧ್ಯಾಹ್ನದ ಊಟಕ್ಕೆ ದೊಡ್ಡಮ್ಮ ಕರೆಯುತ್ತಲೇ ಇದ್ದರು. ದೊಡ್ಡಪ್ಪ ಕೈಫಿಯತ್ತಿನ ಟ್ಯಾಗು ಒತ್ತಿ ಪಟ್ಟಿ ಪೂರ್ತಿ ಬಂದದ್ದನ್ನು ನೋಡದೆ ಏಳಲಿಲ್ಲ.

ಎಲ್ಲ ಸಂದರ್ಭಕ್ಕೂ ಎಸ್‌ಕ್ಯೂಲೈಟೇ ಸಾಕೆಂದು ನಾನು ವಾದಿಸುವುದಿಲ್ಲ. ಒಂದು ಕಚೇರಿಯಲ್ಲಿ ನಾಲ್ಕಾರು ಜನ ಜಾಲದ ಮೂಲಕ ಒಂದೇ ಖಾತೆ ಪುಸ್ತಕಕ್ಕೆ ಬರೆಯುತ್ತಿದ್ದರೆ ಸರ್ವರೇ ಬೇಕು. ಜಾಲದ ಡಿಸ್ಕಿನಲ್ಲಿಟ್ಟ ಎಸ್‌ಕ್ಯೂಲೈಟ್ ಫೈಲಿಗೆ ಅನೇಕರು ಕೈಹಾಕುವುದು ಅಪಾಯ. ಈ ವಿಷಯದಲ್ಲಿ ಗ್ನೂಕ್ಯಾಶ್ ಎಂಬ ಲೆಕ್ಕದ ತಂತ್ರಾಂಶದ ನಡೆ ನನಗೆ ಬಹಳ ಹಿಡಿಸಿದೆ. ಹೊಸದಾಗಿ ಶುರುಮಾಡುವವರ ಲೆಕ್ಕ ಒಂದು ಸಾದಾ ಎಕ್ಸ್‌ಎಮ್‌ಎಲ್ ಫೈಲಿನಲ್ಲಿ ಕೂರುತ್ತದೆ. ಬೇಕಾದವರು ಎಸ್‌ಕ್ಯೂಲೈಟನ್ನೋ ಮೈಎಸ್‌ಕ್ಯೂಎಲನ್ನೋ ಅಂಥದೇ ಇನ್ನೊಂದು ಸರ್ವರಾದ ಪೋಸ್ಟ್‌ಗ್ರೆಎಸ್‌ಕ್ಯೂಎಲನ್ನೋ ಆರಿಸಿಕೊಳ್ಳಬಹುದು. ಫೋಟೋ ಜೋಡಿಸುವ ಡಿಜಿಕ್ಯಾಮ್ ಕೂಡ ಎಸ್‌ಕ್ಯೂಲೈಟಿನಿಂದ ಆರಂಭಿಸಿ, ಸಂಗ್ರಹ ಬಹಳ ದೊಡ್ಡದಾದವರಿಗೆ ಸರ್ವರಿನ ದಾರಿಯನ್ನು ತೆರೆದಿಟ್ಟಿದೆ. ಸರ್ವರ್ ಬೇಕೆಂದು ಕೇಳಿ ಹಾಕಿಕೊಂಡವರಿಗೆ ತಾವು ಏನನ್ನು ನೋಡಿಕೊಳ್ಳಬೇಕೆಂಬುದು ಗೊತ್ತಿರುತ್ತದೆ.

ದೊಡ್ಡಪ್ಪನಿಗೆ ಪೆನ್ ಡ್ರೈವಿನಲ್ಲಿ ನಕಲು ಇಟ್ಟುಕೊಳ್ಳುವ ಕ್ರಮವನ್ನೂ ಆ ದಿನವೇ ಹೊಸದಾಗಿ ಹೇಳಿಕೊಟ್ಟೆ. ಎಸ್‌ಕ್ಯೂಲೈಟ್ ಒಂದೇ ಫೈಲಾದರೂ, ವಾಲ್ ಕ್ರಮದಲ್ಲಿ ಅದರ ಪಕ್ಕದಲ್ಲೊಂದು ಲಾಗ್ ಇರುತ್ತದೆ. ತಂತ್ರಾಂಶ ಓಡುತ್ತಿರುವಾಗ ಮುಖ್ಯ ಫೈಲೊಂದನ್ನೇ ನಕಲು ಮಾಡಿದರೆ ಇತ್ತೀಚಿನ ಬದಲಾವಣೆಗಳು ತಪ್ಪಿಹೋಗಬಹುದು. ಆದ್ದರಿಂದ ಮೊದಲು ಅಕೋನಾಡಿಯನ್ನು ನಿಲ್ಲಿಸಿ, ಬಳಿಕ ಅದರ ಫೋಲ್ಡರನ್ನೂ ಮೇಲ್‌ಡಿರನ್ನೂ ಒಟ್ಟಿಗೆ ನಕಲಿಸಬೇಕು. ಇಷ್ಟನ್ನು ಅವರು ತಮ್ಮ ನೋಟ್ ಪುಸ್ತಕದಲ್ಲಿ ಕ್ರಮಸಂಖ್ಯೆ ಹಾಕಿ ಬರೆದುಕೊಂಡರು.

ವಿತರಣೆಗಳನ್ನು ಕಟ್ಟುವವರಲ್ಲಿ ನನ್ನದೊಂದು ಕೋರಿಕೆಯಿದೆ. ಡೆಬಿಯನ್ ಎಂಬ ವಿತರಣೆಯಲ್ಲಿ ಅಕೋನಾಡಿಗೆ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಇವುಗಳಿಗೆ ಪ್ರತ್ಯೇಕ ಪ್ಯಾಕೇಜುಗಳಿವೆ; ಆಯ್ಕೆಗೆ ಬೇಕಾದ ಏರ್ಪಾಟು ಆಗಲೇ ಇದೆ. ಏನನ್ನೂ ಆರಿಸದೆ ಮುಂದೆ ಹೋಗುವವರಿಗೆ ಎಲ್ಲ ವಿತರಣೆಗಳಲ್ಲಿಯೂ ಎಸ್‌ಕ್ಯೂಲೈಟೇ ಸಿಗುವಂತಾಗಲಿ, ಕೇಳಿದವರಿಗೆ ಸರ್ವರ್ ಸಿಗಲಿ.